ಲೆನ್ಸ್ ಕೊಳ್ಳುವ ಮೊದಲು ಒಂದು ಮುಂಜಾನೆ

ಕೇಳುಗ ಬಂಧುಗಳೇ, ನಮಸ್ಕಾರ.

ಲಗ್ನದ ಸೀಸನ್ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಫೋಟೋಗ್ರಾಫರ್‌ಗಳು 70-200 ಎಫ್ 2.8, ಅಂದರೆ 70ರಿಂದ 200 ಮಿಲಿಮೀಟರ್‌ವರೆಗೆ ಜೂಮ್ ಆಗುವ, ಮಂದ ಬೆಳಕಿಗೂ ಒದಗುವ ಲೆನ್ಸಿನ ಮಾತು ತೆಗೆಯುತ್ತಾರೆ. ಹೊಸದಕ್ಕೆ ಲಕ್ಷದ ಮೇಲೆಯೇ ಬೆಲೆ, ಕೆಲವಕ್ಕೆ ಎರಡು ಲಕ್ಷವೂ ದಾಟುತ್ತದೆ. ಸಾಲ ಮಾಡಿ ತರುವವರೂ ಇದ್ದಾರೆ. ಆ ಮಾಡೆಲ್ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಇಂಥ ಲೆನ್ಸಿನೊಳಗೆ ಇಪ್ಪತ್ತರ ಆಸುಪಾಸು ಗಾಜುಗಳಿರುತ್ತವೆ. ಅದರಲ್ಲೊಂದು ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಇದಕ್ಕೆ ಡಿಸೆಂಟರಿಂಗ್ ಎನ್ನುತ್ತಾರೆ. ಹಾಗಾಗಿ ದುಡ್ಡು ಕೊಟ್ಟು ಮನೆಗೆ ತರುವ ಪೀಸನ್ನೇ ಪರೀಕ್ಷಿಸಬೇಕು. ಡೆಮೋ ಪೀಸ್ ನೋಡಿ ಡಬ್ಬಿಯಲ್ಲಿದ್ದ ಬೇರೊಂದನ್ನು ತಂದರೆ ಪಟ್ಟ ಶ್ರಮ ನೀರುಪಾಲು. ಸೀರಿಯಲ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ನಿಮ್ಮದೇ ಕ್ಯಾಮೆರಾ ಬಾಡಿ, ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯಲ್ಲಿ ಮಾಡುವುದು ಸ್ವಲ್ಪವೇ. ಸಣ್ಣ ಟಾರ್ಚ್ ಹಿಡಿದು ಗಾಜಿನ ಮೂಲಕ ಓರೆಯಾಗಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಜೇಡರ ಬಲೆಯಂಥ ಫಂಗಸ್, ಹೊಗೆ ಕವಿದಂಥ ಮಬ್ಬು, ಬೆಳಕಿನ ಕಿಂಡಿಯಾದ ಅಪರ್ಚರ್‌ನ ಎಲೆಗಳ ಮೇಲೆ ಎಣ್ಣೆ ಇದೆಯೇ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಬೇಡ, ಚಿತ್ರದಲ್ಲಿ ಕಾಣುವುದಿಲ್ಲ. ಜೂಮ್ ರಿಂಗ್ ಎಲ್ಲಿಯೂ ಹಿಡಿಯದೆ ತಿರುಗಬೇಕು.

ನಿಜವಾದ ಪರೀಕ್ಷೆ ಗೋಡೆಯ ಮುಂದೆ. ಕೋಟೆಯ ಗೋಡೆ ಇದಕ್ಕೆ ಆಗದು: ಕಲ್ಲು ಸಮತಟ್ಟಲ್ಲ, ಅಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿಯೂ ಬೇಕು. ಮನೆಯದೋ ಶಾಲೆಯದೋ ಗಿಲಾವು ಮಾಡಿದ ನೇರ ಗೋಡೆ ಸಾಕು, ನೆರಳಿನಲ್ಲಿರಬೇಕು. ಲೆನ್ಸನ್ನು 200ಕ್ಕೆ ಇಟ್ಟು 10 ಮೀಟರ್ ದೂರ ನಿಂತರೆ ಫುಲ್‌ಫ್ರೇಮ್, ಅಂದರೆ 36×24 ಮಿಲಿಮೀಟರ್ ಸೆನ್ಸರಿನ ಬಾಡಿಗೆ ಗೋಡೆಯ 6 ಅಡಿ ಅಗಲ, 4 ಅಡಿ ಎತ್ತರದ ಭಾಗ ಕಾಣುತ್ತದೆ. ಆ ಚೌಕದ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ದಿನಪತ್ರಿಕೆ ಹಾಳೆಗಳನ್ನು ಸುಕ್ಕಿಲ್ಲದಂತೆ ಅಂಟಿಸಿ, ಒಂದರಿಂದ ಐದರವರೆಗೆ ನಂಬರ್ ಬರೆಯಿರಿ. ಸಣ್ಣ ಅಕ್ಷರದ ಜಾಹೀರಾತು ಪುಟ ಒಳ್ಳೆಯದು. ನಡುವಿನ ಹಾಳೆಯ ಮೇಲೆ ಚಪ್ಪಟೆ ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಹಿಡಿಸಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬಂದರೆ ಕ್ಯಾಮೆರಾ ಗೋಡೆಗೆ ನೇರವಾಗಿದೆ ಎಂದರ್ಥ. ಈ ಹೆಜ್ಜೆ ಬಿಟ್ಟವರೇ ಒಳ್ಳೆಯ ಲೆನ್ಸನ್ನೂ ಕೆಟ್ಟದ್ದೆಂದು ತಿಳಿಯುವುದು. ಎಫ್ 2.8ರಲ್ಲಿ ಕ್ಯಾಮೆರಾ ಓರೆಯಾದರೆ ಬದಿಯ ಅಕ್ಷರಗಳು ಫೋಕಸ್ ತಪ್ಪಬಹುದು.

ಬೆಳಕಿಗೆ ಸೆನ್ಸರಿನ ಸಂವೇದನೆ ಹೇಳುವ ಐಎಸ್‌ಓ 100. ಕೈನಡುಕ ಸರಿದೂಗಿಸುವ ಸ್ಟೆಬಿಲೈಸರ್ ಆಫ್, ಬಾಡಿಯೊಳಗಿನದೂ ಆಫ್. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯಲ್ಲಿ, ಹಿಗ್ಗಿಸಿ ನಡುವಿನ ಹಾಳೆಗೆ ಕೈಯಿಂದ ಫೋಕಸ್ ಮಾಡಿ, 10 ಸೆಕೆಂಡ್ ಟೈಮರ್ ಇಡಿ. 200ರಲ್ಲಿ ಟ್ರೈಪಾಡಿನ ನಡುಕ ನಿಲ್ಲಲು 2 ಸೆಕೆಂಡ್ ಸಾಲದು. ಎಫ್ 2.8, 4, 5.6, 8, ಪ್ರತಿಯೊಂದಕ್ಕೂ ಮೂರು ಚಿತ್ರ, ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹೊಸದಾಗಿ. ಎಫ್ 16, 22ರಲ್ಲಿ ಯಾವ ಲೆನ್ಸಾದರೂ ಡಿಫ್ರಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ, ಮೃದುವಾಗುತ್ತದೆ, ಅದನ್ನು ದೋಷವೆಂದು ಎಣಿಸಬೇಡಿ. 135ಕ್ಕೂ 70ಕ್ಕೂ ಇದೇ ಕ್ರಮ. ಫ್ರೇಮ್ ಅಗಲವಾಗುವುದರಿಂದ ಮುಂದೆ ಬಂದು ನಿಲ್ಲಬೇಕು.

ನಾಲ್ಕೂ ಮೂಲೆ ಒಂದೇ ಸಮನಾಗಿ ನಡುವಿಗಿಂತ ಸ್ವಲ್ಪ ಮೃದುವಾದರೆ ಅದು ವಿನ್ಯಾಸದ ಗುಣ. ಒಂದೇ ಮೂಲೆಯೋ ಒಂದೇ ಬದಿಯೋ ಮಸುಕಾದರೆ ಸಂಶಯಪಡಬೇಕು. ಆಗ ಲೆನ್ಸನ್ನು ಟ್ರೈಪಾಡಿಗೆ ಹಿಡಿಸುವ ಬಳೆ, ಅಂದರೆ ಟ್ರೈಪಾಡ್ ಕಾಲರ್ ಸಡಿಲಿಸಿ ಲೆನ್ಸ್, ಬಾಡಿ ಎರಡನ್ನೂ ತಲೆಕೆಳಗಾಗಿ ತಿರುಗಿಸಿ, ಕನ್ನಡಿಯಲ್ಲಿ ಮತ್ತೆ ನೇರ ಮಾಡಿಕೊಂಡು ತೆಗೆಯಿರಿ. ಮೊದಲು ಎಡ ಮೇಲಿನ ಹಾಳೆ ಮಸುಕಾಗಿತ್ತು ಎನ್ನೋಣ. ಈಗಲೂ ಅದೇ ಹಾಳೆ ಮಸುಕಾದರೆ ತಪ್ಪು ಗೋಡೆಯದೋ ಕ್ಯಾಮೆರಾ ನಿಲ್ಲಿಸಿದ್ದರದೋ. ಮಸುಕು ಬಲ ಕೆಳಗಿನ ಹಾಳೆಗೆ ಹೋಯಿತೋ, ದೋಷ ಲೆನ್ಸಿನಲ್ಲಿದೆ ಅಥವಾ ಬಾಡಿಯಲ್ಲಿದೆ. ಅದೇ ಬಾಡಿಗೆ ಬೇರೆ ಲೆನ್ಸ್ ಹಾಕಿ ನೋಡಿದರೆ ಅದೂ ಇತ್ಯರ್ಥವಾಗುತ್ತದೆ.

ಇದನ್ನೆಲ್ಲ ಮುಂಜಾನೆ ಎಂಟರೊಳಗೆ ಮುಗಿಸಿ ಎನ್ನುವುದಕ್ಕೆ ಕಾರಣ ನಮ್ಮ ಬಿಸಿಲು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಕಾದ ಫರಸಿ, ಕಾದ ರಸ್ತೆಯಿಂದ ಏಳುವ ಬಿಸಿ ಗಾಳಿ ಬೆಳಕನ್ನು ಅಲುಗಾಡಿಸುತ್ತದೆ. ಟೆಲಿ ಲೆನ್ಸು ಆ ಅಲುಗಾಟವನ್ನೂ ದೊಡ್ಡದು ಮಾಡುತ್ತದೆ. ಮಧ್ಯಾಹ್ನ ದೂರದ ಗುಮ್ಮಟದ ಚಿತ್ರ ತೆಗೆದು ಲೆನ್ಸ್ ಶಾರ್ಪ್ ಇಲ್ಲ ಎಂದರೆ ಅದು ಲೆನ್ಸಿಗೆ ಮಾಡುವ ಅನ್ಯಾಯ. ಎಸಿ ಕೋಣೆಯ ಕಿಟಕಿ ತೆರೆದು ಹೊರಗಿನದನ್ನು ತೆಗೆದರೂ ಇದೇ ಗತಿ. ಎಸಿಯಿಂದ ಹೊರಗೆ ತಂದ ಲೆನ್ಸನ್ನು ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ.

ಮುಂಜಾನೆಯೇ ಕಲಬುರಗಿಯ ಹಫ್ತ್ ಗುಂಬಜ್, ಅಂದರೆ ಬಹಮನಿ ಸುಲ್ತಾನರ ಗೋರಿಗಳ ಕಡೆ ಹೋದರೆ ಟ್ರೈಪಾಡ್ ಇಲ್ಲದೆ ಇನ್ನೊಂದು ಪರೀಕ್ಷೆ ಆಗುತ್ತದೆ. ಬೆಳ್ಳನೆ ಆಕಾಶಕ್ಕೆ ಎದುರಾದ ಗುಮ್ಮಟದ ಅಂಚನ್ನು ಎಫ್ 2.8ರಲ್ಲಿ ತೆಗೆದು ನೇರಳೆ, ಹಸಿರು ಅಂಚು ಎಷ್ಟಿದೆ ನೋಡಿ. ಅಲ್ಲೇ ಒಬ್ಬರನ್ನು 15 ಮೀಟರ್ ದೂರದಿಂದ ನಡೆದು ಬರಲು ಹೇಳಿ, ಕಂಟಿನ್ಯುಯಸ್ ಫೋಕಸ್‌ನಲ್ಲಿ ಸರಣಿ ತೆಗೆದು ಎಷ್ಟರಲ್ಲಿ ಕಣ್ಣು ಶಾರ್ಪ್ ಇದೆ ಎಣಿಸಿ. ಸ್ಟೆಬಿಲೈಸರ್ ಆನ್ ಮಾಡಿ 200ರಲ್ಲಿ 1/25 ಶಟರಿನಲ್ಲಿ ಹತ್ತು ಚಿತ್ರ. ಅಕ್ಷತೆ ಹೊತ್ತಿನಲ್ಲಿ, ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಲೆನ್ಸ್ ಹೇಗೆ ನಡೆದುಕೊಳ್ಳುತ್ತದೆ ಎಂಬ ಅಂದಾಜು ಇವುಗಳಿಂದಲೇ ಸಿಗುವುದು.

ಕಂಪ್ಯೂಟರಿನಲ್ಲಿ ಕ್ಯಾಮೆರಾ ಸಂಸ್ಕರಿಸದ ರಾ ಫೈಲನ್ನೇ ತೆರೆಯಿರಿ, ಲೆನ್ಸ್ ಕರೆಕ್ಷನ್ ಆಫ್ ಮಾಡಿ. ಜೆಪೆಗ್‌ನಲ್ಲಿ ಬಾಗಿದ ಗೆರೆ, ಕಪ್ಪಾದ ಮೂಲೆಗಳನ್ನು ಕ್ಯಾಮೆರಾ ತಾನೇ ತಿದ್ದಿಬಿಟ್ಟಿರುತ್ತದೆ. 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದ ಮೇಲೆ ಆಲ್ಬಮ್ ಅಳತೆಯನ್ನೂ ನೆನೆಯಿರಿ. 12×18 ಇಂಚಿನ ಪುಟಕ್ಕೆ ಇಂಚಿಗೆ 300 ಚುಕ್ಕೆಯಂತೆ 3600×5400 ಪಿಕ್ಸೆಲ್ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 4000×6000. ಪರದೆಯ ಮೇಲೆ ಕಣ್ಣಿಗೆ ಚುಚ್ಚುವ ಸಣ್ಣ ಮೃದುತನ ಪ್ರಿಂಟಿನಲ್ಲಿ ಉಳಿಯದೇ ಹೋಗಬಹುದು. ಒಂದು ಪುಟ ಪ್ರಿಂಟ್ ತೆಗೆಸಿಯೇ ನೋಡುವುದು ಲೇಸು.

ಅಂಗಡಿಯವರು ಆರ್ಡರ್ ಮೇಲೆ ತರಿಸುವುದಾದರೆ, ಎಷ್ಟು ದಿನದೊಳಗೆ ಬದಲಿ ಕೊಡುತ್ತಾರೆಂದು ಮುಂಗಡ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ದೋಷ ಕಂಡರೆ ಬಾಯಿಮಾತಿನ ದೂರು ಒಯ್ಯಬೇಡಿ. ಮಸುಕಾದ ಮೂಲೆಯ ಚಿತ್ರ, ತಲೆಕೆಳಗು ಮಾಡಿ ತೆಗೆದ ಅದರ ಜೋಡಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್, ಈ ಮೂರನ್ನು ಕೌಂಟರಿನ ಮೇಲಿಟ್ಟು ಮಾತಾಡಿ.

ನಮಸ್ಕಾರ.