ಚಿತ್‌ರದುರ್‌ಗ: ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಹೊಸದೇನು?

ಎಲ್ಲರಿಗೂ ನಮಸ್ಕಾರ.

ಮೊದಲು ಪರದೆ ಮೇಲಿರುವ ಗ್ರಾಫ್ ನೋಡಿ. ಎರಡು ಊರುಗಳ ವಾರ್ಷಿಕ ಮಳೆ. ಆಗುಂಬೆಯ ಕಂಬ 7,000 ಮಿಲಿಮೀಟರ್ ದಾಟಿ ಮೇಲೆ ಹೋಗಿದೆ. ಪಕ್ಕದ ಕುಳ್ಳ ಕಂಬದ ಕೆಳಗೆ ಏನು ಬರೆದಿದೆ, ಯಾರಾದರೂ ಓದಿ. ‘ಚಿತ್‌ರದುರ್‌ಗ’. ನಗಬೇಡಿ, ನಾನು ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು. ಒಡೆದು ತೋರಿಸಿದ್ದು ಮ್ಯಾಟ್‌ಪ್ಲಾಟ್‌ಲಿಬ್. ಆ ಕೋಟೆಗೆ ಕೊನೆಯಲ್ಲಿ ವಾಪಸ್ ಬರೋಣ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಈ ಲೈಬ್ರರಿಗೆ, ಅಂದರೆ ಸಿದ್ಧ ಕೋಡ್‌ನ ಕಟ್ಟಿಗೆ, ಇತ್ತೀಚೆಗೆ ಏನೇನು ಸೇರಿದೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಪ್ರತಿ ಆವೃತ್ತಿಯ ಪಟ್ಟಿ ಓದುತ್ತಾ ಹೋದರೆ ನೀವು ನಿದ್ದೆ ಹೋಗುತ್ತೀರಿ. ಅದಕ್ಕೇ ಒಂದು ಪ್ರಶ್ನೆ ಇಟ್ಟುಕೊಂಡು ಆರಿಸಿದ್ದೇನೆ. ಈ ಬದಲಾವಣೆಯಿಂದ ಗ್ರಾಫ್ ಇನ್ನೂ ಯಾರಿಗೆ ಓದಲು ಬಂತು?

ಇದರ ಹುಟ್ಟಿನಲ್ಲೇ ಅಂಥದ್ದೊಂದು ಕತೆ ಇದೆ. ಜಾನ್ ಹಂಟರ್ ಎಂಬ ನರವಿಜ್ಞಾನಿ ಅಮೆರಿಕದಲ್ಲಿ ಮೂರ್ಛೆರೋಗಿಗಳ ಮಿದುಳಿನ ಸಂಕೇತಗಳನ್ನು ಅಧ್ಯಯನ ಮಾಡುತ್ತಿದ್ದರು. ಪ್ರಯೋಗಾಲಯದಲ್ಲಿ ದುಡ್ಡು ಕೊಟ್ಟು ತಂದ ಒಂದು ಸಾಫ್ಟ್‌ವೇರ್ ಇತ್ತು, ಲೈಸೆನ್ಸ್ ಮಾತ್ರ ಒಂದೇ. ಕಂಪ್ಯೂಟರಿಗೆ ಚುಚ್ಚುವ ಒಂದು ಡಾಂಗಲ್‌ಗಾಗಿ ವಿದ್ಯಾರ್ಥಿಗಳು, ಡಾಕ್ಟರುಗಳು, ಸಂಶೋಧಕರು ಎಲ್ಲ ಸರದಿ ಕಾಯಬೇಕು. ಹಂಟರ್ ತಮ್ಮದೇ ದಾರಿ ಹುಡುಕಿಕೊಂಡರು. 2003ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಹೊರಬಂತು, ಯಾರು ಬೇಕಾದರೂ ಬಳಸುವ ಹಾಗೆ. 2012ರಲ್ಲಿ, ಇನ್ನೂ 44ರ ವಯಸ್ಸಿಗೇ, ಅವರು ತೀರಿಕೊಂಡರು. ಕೆಲಸವನ್ನು ಬೇರೆಯವರು ಮುಂದುವರಿಸಿದರು.

ಈಗ ಬಣ್ಣದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಓದುವ ಕಾಲದಲ್ಲಿ ಒಂದು ಮಳೆ ನಕ್ಷೆ ಮಾಡಿದ್ದೆ. ಆಗ ತಾನಾಗಿ ಬರುತ್ತಿದ್ದ ಬಣ್ಣದ ಪಟ್ಟಿಯ ಹೆಸರು ಜೆಟ್. ಕಡಿಮೆಗೆ ನೀಲಿ, ಮಧ್ಯೆ ಹಸಿರು-ಹಳದಿ, ಜಾಸ್ತಿಗೆ ಕೆಂಪು. ಪರದೆಯಲ್ಲಿ ಜಾತ್ರೆಯ ಹಾಗೆ ಚೆನ್ನಾಗಿ ಕಾಣುತ್ತಿತ್ತು. ಹಂಚಲು ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿದೆ. ಕಡುನೀಲಿಯೂ ಕಡುಗೆಂಪೂ ಒಂದೇ ಥರ ಕಪ್ಪಾಗಿ ಕೂತವು. ಮಲೆನಾಡು ಯಾವುದು, ಬಯಲುಸೀಮೆ ಯಾವುದು ದೇವರೇ ಹೇಳಬೇಕು.

ಜೆಟ್‌ನ ತೊಂದರೆ ಜೆರಾಕ್ಸ್ ಅಂಗಡಿಗೇ ಮುಗಿಯುವುದಿಲ್ಲ. ಅಂಕಿ ಒಂದೇ ಹದದಲ್ಲಿ ಏರುತ್ತಿದ್ದರೂ ಬಣ್ಣ ಹಳದಿಯ ಹತ್ತಿರ ದಿಢೀರನೆ ಹೊಳೆಯುತ್ತದೆ. ಡೇಟಾದಲ್ಲಿ ಇಲ್ಲದ ಗೆರೆ ಕಣ್ಣಿಗೆ ಕಾಣುತ್ತದೆ. ಕೆಂಪು-ಹಸಿರು ಬೇರೆ ಮಾಡಲಾಗದವರ ಪಾಡಂತೂ ಇನ್ನೂ ಕಷ್ಟ. ಇದನ್ನು ಬದಲಿಸಲು ಸ್ಟೆಫಾನ್ ವಾನ್ ಡರ್ ವಾಲ್ಟ್ ಮತ್ತು ನಥಾನಿಯೆಲ್ ಸ್ಮಿತ್ ಸೇರಿ ವಿರಿಡಿಸ್ ಎಂಬ ಹೊಸ ಬಣ್ಣದ ಪಟ್ಟಿ ರೂಪಿಸಿದರು. ಕಡುನೇರಳೆಯಿಂದ ಶುರುವಾಗಿ ಹಳದಿಗೆ ಮುಗಿಯುತ್ತದೆ, ದಾರಿಯುದ್ದಕ್ಕೂ ಹೊಳಪು ಏರುತ್ತಲೇ ಹೋಗುತ್ತದೆ. ಹಾಗಾಗಿ ಕಪ್ಪು-ಬಿಳುಪಿನಲ್ಲೂ ಕ್ರಮ ಕೆಡುವುದಿಲ್ಲ. 2017ರ ಜನವರಿಯಲ್ಲಿ ಬಂದ 2.0 ಆವೃತ್ತಿಯಿಂದ ಅದೇ ಡೀಫಾಲ್ಟ್. ಹೊಸದಾಗಿ ಕಲಿಯುವವರು ಏನೂ ತಿಳಿಯದೆಯೇ ಸರಿಯಾದ ಬಣ್ಣ ಬಳಸುತ್ತಾರೆ. ನನ್ನ ಲೆಕ್ಕದಲ್ಲಿ ಈ ಲೈಬ್ರರಿಯ ಅತಿ ದೊಡ್ಡ ಸುಧಾರಣೆ ಇದೇ.

ಅದೇ ಜಾಡಿನಲ್ಲಿ 2024ರ ಡಿಸೆಂಬರ್‌ನಲ್ಲಿ ಬಂದ 3.10 ಇನ್ನೊಂದು ಹೆಜ್ಜೆ ಇಟ್ಟಿತು. ಗೆರೆಗಳಿಗೆ ಪೆಟ್ರೋಫ್-10 ಎಂಬ ಹತ್ತು ಬಣ್ಣಗಳ ಗುಂಪು ಬಂತು. ಯಾವ ಬಣ್ಣಗಳು ಜೊತೆಯಲ್ಲಿ ಚೆಂದ ಅಂತ ಜನರನ್ನೇ ಕೇಳಿ, ಬಣ್ಣಗುರುಡು ಇರುವವರಿಗೂ ಬೇರೆಬೇರೆಯಾಗಿ ಕಾಣುವಂತೆ ಆರಿಸಿದ ಬಣ್ಣಗಳು. ಇದು ಡೀಫಾಲ್ಟ್ ಅಲ್ಲ, ಸ್ಟೈಲ್ ಹೆಸರು ಕೊಟ್ಟು ಕೇಳಬೇಕು. ಬರ್ಲಿನ್, ಮನಾಗುವಾ, ವನಿಮೋ ಅಂತ ಊರ ಹೆಸರಿನ ಮೂರು ಕಲರ್‌ಮ್ಯಾಪ್‌ಗಳೂ, ಅಂದರೆ ಬಣ್ಣದ ಪಟ್ಟಿಗಳೂ, ಬಂದಿವೆ. ಸಾಮಾನ್ಯವಾಗಿ ಎರಡು ದಿಕ್ಕಿನ ಡೇಟಾಕ್ಕೆ, ಅಂದರೆ ವಾಡಿಕೆಗಿಂತ ಹೆಚ್ಚು ಮಳೆ, ಕಡಿಮೆ ಮಳೆ ಅನ್ನುವಂಥದ್ದಕ್ಕೆ, ನಡುವೆ ಬಿಳಿ ಇರುತ್ತದೆ. ಇವುಗಳ ನಡುವೆ ಕಪ್ಪು. ಡಾರ್ಕ್ ಮೋಡ್ ಪ್ರಿಯರಿಗೆ ಹಬ್ಬ.

ಕೈಕೆಲಸ ಕಡಿಮೆ ಮಾಡಿದ ಎರಡನ್ನು ಬೇಗ ಹೇಳಿಬಿಡುತ್ತೇನೆ. ಕಂಬದ ತಲೆ ಮೇಲೆ ಅಂಕಿ ಬರೆಯಲು ಮೊದಲು ಲೂಪ್ ಹಾಕಿ, ಪ್ರತಿ ಕಂಬದ ಎತ್ತರ ತೆಗೆದು ಒದ್ದಾಡಬೇಕಿತ್ತು. 2021ರ 3.4ರಿಂದ ಬಾರ್ ಲೇಬಲ್ ಅನ್ನುವ ಒಂದು ಸಾಲು ಸಾಕು. ಇನ್ನೊಂದು ಸಬ್‌ಪ್ಲಾಟ್ ಮೊಸಾಯಿಕ್, 2020ರ 3.3ರದ್ದು. ಒಂದೇ ಹಾಳೆಯಲ್ಲಿ ಮೂರು ಗ್ರಾಫ್ ಬೇಕಾ? ‘ಎ ಎ ಬಿ’, ಅದರ ಕೆಳಗೆ ‘ಸಿ ಸಿ ಬಿ’ ಅಂತ ಅಕ್ಷರ ಜೋಡಿಸಿ ಕೊಡಿ. ಬಿ ಬಲಗಡೆ ಉದ್ದಕ್ಕೆ ನಿಲ್ಲುತ್ತದೆ, ಉಳಿದೆರಡು ಎಡಗಡೆ ಅಡ್ಡಕ್ಕೆ. ರಂಗೋಲಿಗೆ ಚುಕ್ಕಿ ಇಟ್ಟಷ್ಟೇ ಸುಲಭ.

ಸರಿ, ಈಗ ಚಿತ್ರದುರ್ಗ. ಡೀಫಾಲ್ಟ್ ಫಾಂಟ್ ಆದ ಡೇಜಾವೂ ಸ್ಯಾನ್ಸ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಏನು ಬರೆದರೂ ಖಾಲಿ ಚೌಕಗಳೇ. 2022ರ 3.6ರಿಂದ ಫಾಂಟ್‌ಗಳ ಪಟ್ಟಿ ಕೊಡಬಹುದು. ಮೊದಲನೆಯದರಲ್ಲಿ ಅಕ್ಷರ ಇಲ್ಲದಿದ್ದರೆ ಎರಡನೆಯದರಲ್ಲಿ ಹುಡುಕುತ್ತದೆ. ಪಟ್ಟಿಗೆ ನೋಟೋ ಸ್ಯಾನ್ಸ್ ಕನ್ನಡ ಸೇರಿಸಿದೆ, ಚೌಕ ಹೋಗಿ ಅಕ್ಷರ ಬಂತು. ಆದರೆ ಪರದೆ ಮೇಲಿರುವ ಸ್ಥಿತಿಯಲ್ಲಿ.

ಯಾಕೆ ಹೀಗೆ? ಇಂಗ್ಲಿಷ್‌ನಲ್ಲಿ ಒಂದಾದ ಮೇಲೆ ಒಂದು ಅಕ್ಷರ ಇಟ್ಟರೆ ಪದ ಆಯಿತು. ಕನ್ನಡದಲ್ಲಿ ತ, ಹಲಂತ, ರ ಮೂರೂ ಸೇರಿ ‘ತ್ರ’ ಆಗಬೇಕು. ಚಕಾರಕ್ಕೆ ಗುಡಿಸು ಅಂಟಬೇಕು, ದುರ್ಗದ ಅರ್ಕಾವೊತ್ತು ಗಕಾರ ದಾಟಿ ಬಲಕ್ಕೆ ಹೋಗಿ ಕೂರಬೇಕು. ಈ ಜೋಡಣೆಯ ನಿಯಮಗಳು ಫಾಂಟ್ ಒಳಗೇ ಇವೆ. ಅವನ್ನು ಓದಿ ಪಾಲಿಸಲು ಶೇಪಿಂಗ್ ಎಂಜಿನ್ ಬೇಕು. ನಾನು ಬಳಸುತ್ತಿರುವ ಆವೃತ್ತಿ ಪಿಎನ್‌ಜಿ ಚಿತ್ರ ಬಿಡಿಸುವಾಗ ಆ ಕೆಲಸ ಮಾಡುವುದಿಲ್ಲ. ಇಟ್ಟಿಗೆ ಇದೆ, ಗಾರೆಯವರಿಲ್ಲ.

ಬೇರೆ ದಾರಿಗಳಿವೆ. ಎಂಪಿಎಲ್‌ಕೈರೋ ಎಂಬ ಬೇರೆ ಬ್ಯಾಕೆಂಡ್, ಅಂದರೆ ಚಿತ್ರ ಬಿಡಿಸುವ ಭಾಗ, ರಾಕ್ಮ್ ಲೈಬ್ರರಿಯ ಸಹಾಯದಿಂದ ಒತ್ತಕ್ಷರ ಜೋಡಿಸುತ್ತದೆ. ಪಿಡಿಎಫ್ ಬೇಕಿದ್ದವರು ಪಿಜಿಎಫ್ ಬ್ಯಾಕೆಂಡ್‌ನಿಂದ ಜೀಲೇಟೆಕ್ (XeLaTeX) ಎಂಬ ಅಕ್ಷರ ಜೋಡಿಸುವ ಸಾಫ್ಟ್‌ವೇರ್‌ಗೆ ಒಪ್ಪಿಸಬಹುದು. ನಾನು ದಿನಾ ಮಾಡುವುದು ಇನ್ನೂ ಸುಲಭ. ಗ್ರಾಫನ್ನು ಬ್ರೌಸರ್‌ನಲ್ಲಿ ತೆರೆಯುವ ಎಸ್‌ವಿಜಿ ಚಿತ್ರವಾಗಿ ಉಳಿಸುತ್ತೇನೆ, ಅದಕ್ಕೂ ಮೊದಲು ಎಸ್‌ವಿಜಿ ಫಾಂಟ್‌ಟೈಪ್ ಸೆಟ್ಟಿಂಗ್‌ಗೆ ‘ನನ್’ (none) ಅಂತ ಕೊಡುತ್ತೇನೆ. ಆಗ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರದ ಚಿತ್ರ ಬಿಡಿಸುವುದಿಲ್ಲ, ಪಠ್ಯವನ್ನು ಪಠ್ಯವಾಗಿಯೇ ಬಿಡುತ್ತದೆ. ಜೋಡಿಸುವ ಕೆಲಸ ಬ್ರೌಸರ್‌ನದ್ದು, ಅದಕ್ಕೆ ಕನ್ನಡ ಚೆನ್ನಾಗಿ ಗೊತ್ತು. ನೋಡುವವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಬೇಕು, ಅಷ್ಟೇ.

ಒಂದು ನಿಮಿಷ, ಅದೇ ಗ್ರಾಫನ್ನು ಬ್ರೌಸರ್‌ನಲ್ಲಿ ತೆರೆಯುತ್ತೇನೆ. ಹಾಂ, ಬಂತು. ಹಿಂದಿನ ಸಾಲಿನವರು ಓದಿ. ಚಿತ್ರದುರ್ಗ, ಅಲ್ವಾ?

ಪ್ರಶ್ನೆಗಳಿದ್ದರೆ ಈಗ ಕೇಳಿ.