ಈ ಕಂಚು ಯಾರ ಕೈಯದು?

ಕೇಳುಗರಿಗೆ ನಮಸ್ಕಾರ. ನಿಮ್ಮ ಮುಂದೆ ಒಂದಡಿ ಎತ್ತರದ ಕಂಚಿನ ಮೂರ್ತಿ ಇದೆ ಅಂದುಕೊಳ್ಳಿ. ಹಂಸದ ಜೊತೆ ಗ್ರೀಕ್ ಪುರಾಣದ ರಾಣಿ ಲೆಡಾ. ಇಟಲಿಯ ಫ್ಲಾರೆನ್ಸಿನದು, ಬರೋಕ್ ಕಾಲದ್ದು, ಅಂದರೆ ಸುಮಾರು ಹದಿನೇಳು-ಹದಿನೆಂಟನೇ ಶತಮಾನದ್ದು. ಸಹಿ ಇಲ್ಲ. ಮಾಡಿದವರು ಯಾರು? ಎಲ್ಲರೂ ಮೊದಲು ಮುಖ ನೋಡುತ್ತಾರೆ. ದಯವಿಟ್ಟು ಮುಖ ಬಿಡಿ! ಮುಖ ಹೇಳುವುದು ಎರಕಕ್ಕೆ ಮೊದಲು ಮೇಣದಲ್ಲೋ ಮಣ್ಣಿನಲ್ಲೋ ಮಾಡಿದ ಮಾದರಿ ಯಾರದು ಅಂತ ಮಾತ್ರ. ಮಾದರಿ ಮಾಡಿದ ಕೈ ಬೇರೆ, ಎರಕ ಹೊಯ್ದ ಕೈ ಬೇರೆ ಇರಬಹುದು.

ನಮ್ಮ ಪಂಚಲೋಹದ ವಿಗ್ರಹಕ್ಕೆ ಮೇಣದ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೆ ಮುಗಿಯಿತು, ಒಂದೇ ವಿಗ್ರಹ. ಫ್ಲಾರೆನ್ಸಿನವರು ಮಾದರಿಯ ಮೇಲಿಂದ ತುಂಡುತುಂಡಾಗಿ ಬಿಚ್ಚುವ ಅಚ್ಚು ತೆಗೆದಿಟ್ಟುಕೊಂಡರು. ಅದರಿಂದ ಮೇಣದ ಪ್ರತಿ ಮತ್ತೆ ಮತ್ತೆ ತೆಗೆಯಬಹುದು.

ಇಲ್ಲಿ ನನಗೆ ಬಲು ಇಷ್ಟವಾದ ಕಥೆ ಹೇಳಲೇಬೇಕು. ಶಿಲ್ಪಿ ಮಾಸಿಮಿಲಿಯಾನೊ ಸೋಲ್ದಾನಿ 1656ರಲ್ಲಿ ಹುಟ್ಟಿದ. ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನದ ದೊರೆ ಅವನನ್ನು ರೋಮಿಗೆ ಕಳಿಸಿ ಕಲಿಸಿದ. ಮುಂದೆ ಫ್ಲಾರೆನ್ಸಿನ ಟಂಕಸಾಲೆ ಅವನ ಕೈಗೆ ಬಂತು. ಪದಕ ಕೆತ್ತಿ ಪಳಗಿದ ಕೈ ನೋಡಿ, ಕಂಚಿನಲ್ಲೂ ಕೂದಲಿನ ಎಳೆ ಎಳೆ ಬಿಡಿಸಿಟ್ಟ. 1740ರಲ್ಲಿ ತೀರಿಕೊಂಡ. ಅಚ್ಚುಗಳು ಮನೆಯಲ್ಲೇ ಉಳಿದವು. ಅದೇ ಹೊತ್ತಿಗೆ ಊರಾಚೆ ಡೊಚ್ಚಾದಲ್ಲಿ ಕಾರ್ಲೊ ಜಿನೋರಿ ಪಿಂಗಾಣಿ ಕಾರ್ಖಾನೆ ಶುರುಮಾಡಿದ್ದ. ಸೋಲ್ದಾನಿಯ ವಾರಸುದಾರರಿಂದ ಅವನ್ನು ಕೊಂಡುಕೊಂಡ! ಫೊಜ್ಜೀನಿ ಎಂಬ ಇನ್ನೊಬ್ಬ ಶಿಲ್ಪಿಯ ಮಾದರಿಗಳನ್ನೂ ಕೊಂಡ. ಸೋಲ್ದಾನಿ ಹೋದ ಮೇಲೆ ಅವನ ಅಚ್ಚಿನಿಂದಲೇ ವೀನಸ್ ಹೊಳೆಯುವ ಬಿಳಿ ಪಿಂಗಾಣಿಯಾಗಿ ಹೊರಬಂದಳು. ಮೈಕಟ್ಟು ಸೋಲ್ದಾನಿಯದೇ. ಕೈ ಅವನದಲ್ಲ, ಅಲ್ವಾ? ಆ ಅಚ್ಚುಗಳಿಂದ ತೆಗೆದ ಮೇಣದ ಮಾದರಿಗಳು ಆ ಕಾರ್ಖಾನೆಯ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇವೆ. 2017ರಲ್ಲಿ ಇಟಲಿ ಸರ್ಕಾರ ಆ ಮ್ಯೂಸಿಯಮ್ಮನ್ನೇ ಕೊಂಡಿತು.

ಸಮಯ ಜಾಸ್ತಿ ಉಳಿದಿಲ್ಲ. ಬೇಗ ಹೇಳುತ್ತೇನೆ. ಮೂರ್ತಿಯನ್ನು ತಿರುಗಿಸಿ. ಕಿವಿಯ ಹಿಂದೆ, ಕಂಕುಳಲ್ಲಿ, ಹಂಸದ ರೆಕ್ಕೆಯ ಅಡಿಯಲ್ಲಿ ನೋಡಿ. ಯಾರೂ ನೋಡದ ಜಾಗದಲ್ಲಿ ಉಳಿ ಹೇಗೆ ಓಡಿದೆ? ಕೈಯ ಗುರುತು ಅಲ್ಲಿರುತ್ತದೆ. ಆಮೇಲೆ ಅಳತೆ. ಕಂಚು ತಣಿದಾಗ ಕುಗ್ಗುತ್ತದೆ. ಹಳೆಯ ಕಂಚಿನ ಮೇಲಿಂದಲೇ ಅಚ್ಚು ತೆಗೆದು ಎರೆದದ್ದು ಅದಕ್ಕಿಂತ ಸ್ವಲ್ಪ ಚಿಕ್ಕದಿರುತ್ತದೆ. ಎಕ್ಸ್-ರೇ ತೆಗೆಸಿದರೆ ಎರಕಕ್ಕೆ ಮೊದಲು ಮೇಣದ ತುಂಡುಗಳನ್ನು ಕೂಡಿಸಿದ ಬೆಸುಗೆಯ ಗುರುತು ಕಂಚಿನ ಒಳಗೆ ಕಾಣುತ್ತದೆ. ಒಂದೊಂದು ಕಾರ್ಯಾಗಾರ ಕೂಡಿಸುವ ರೀತಿ ಒಂದೊಂದು. ಸುಮ್ನೆ ಮುಖ ನೋಡಿ ಹೆಸರು ಹೇಳುವವರು ಇದ್ಯಾವುದನ್ನೂ ಕೇಳುವುದಿಲ್ಲ. ಮತ್ತೆ ಹೇಳುತ್ತೇನೆ, ಮಾದರಿ ಮಾಡಿದ ಕೈ ಬೇರೆ, ಎರಕ ಹೊಯ್ದ ಕೈ ಬೇರೆ ಇರಬಹುದು.

ಫ್ಲಾರೆನ್ಸಿನವರು ಕಂಚಿಗೆ ಬಳಿಯುತ್ತಿದ್ದ ಕೆಂಪು ಹೊನ್ನಿನ ಬಣ್ಣದ ವಾರ್ನಿಶ್ ಬಗ್ಗೆ ಹೇಳಬೇಕಿತ್ತು. ಒಂದೇ ಮಾತು: ಮುಟ್ಟಿ ಮುಟ್ಟಿ ಸವೆದ ಮೊಣಕಾಲಿನ ಮೇಲೆ ಹುಡುಕಬೇಡಿ, ಸೀರೆಯ ನೆರಿಗೆಯಂಥ ಬಟ್ಟೆಯ ಮಡಿಕೆಗಳ ಆಳದಲ್ಲಿ ಹುಡುಕಿ. ನಮಸ್ಕಾರ.