ಭತ್ತದ ಮೇಸ್ತ್ರಿ ಜೀನ್‌ಗಳು: ಎಣಿಸಿದರೆ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ.

ಭತ್ತದ ಗಿಡದಲ್ಲಿ ಹತ್ತಾರು ಸಾವಿರ ಜೀನ್‌ಗಳಿವೆ. ಹೆಚ್ಚಿನವು ಆಳುಗಳಂತೆ ತಮಗೆ ವಹಿಸಿದ ಕೆಲಸವನ್ನು ಮಾಡುತ್ತವೆ. ಕೆಲವು ಮಾತ್ರ ಮೇಸ್ತ್ರಿಗಳು, ಯಾರು ಯಾವಾಗ ಕೆಲಸ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹೇಳುವಂಥವು. ಇವೇ ನಿಯಂತ್ರಕ ಜೀನ್‌ಗಳು. ಇವು ದೊಡ್ಡ ದೊಡ್ಡ ಕುಟುಂಬಗಳಾಗಿರುತ್ತವೆ, ಒಂದೊಂದು ಕುಟುಂಬವೂ ಒಂದೊಂದು ಮೂಲದಿಂದ ಕವಲೊಡೆದು ಬಂದದ್ದು. ಇವು ತಯಾರಿಸುವ ಪ್ರೋಟೀನುಗಳು ಡಿಎನ್‌ಎಯನ್ನು ಹಿಡಿದು ಬೇರೆ ಜೀನ್‌ಗಳನ್ನು ನಡೆಸುತ್ತವೆ, ಮತ್ತು ಒಂದು ಕುಟುಂಬದ ಪ್ರೋಟೀನುಗಳಲ್ಲಿ ಡಿಎನ್‌ಎಯನ್ನು ಹಿಡಿಯುವ ಭಾಗವು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ.

ಕಂಪ್ಯೂಟರಿನ ಮುಂದೆ ಕುಳಿತು ಇಂತಹ ಕುಟುಂಬದ ಸದಸ್ಯರನ್ನು ಪಟ್ಟಿಮಾಡಿ, ವಂಶವೃಕ್ಷವನ್ನು ಬಿಡಿಸಿ, ಅಲ್ಲಿಗೆ ಅಧ್ಯಯನ ಮುಗಿಯಿತೆಂದು ತಿಳಿಯುವವರು ಈಗ ಬಹಳ ಮಂದಿ. ಪಟ್ಟಿ ಬೇಕು, ಒಪ್ಪುತ್ತೇನೆ. ಆದರೆ ಎಣಿಕೆಯು ಅಧ್ಯಯನವಲ್ಲ, ಗಿಡವನ್ನೇ ಕೇಳಬೇಕು.

ಇಆರ್‌ಎಫ್ (ಎಥಿಲೀನ್ ರೆಸ್ಪಾನ್ಸ್ ಫ್ಯಾಕ್ಟರ್) ಎಂಬ ನಿಯಂತ್ರಕ ಜೀನ್‌ಗಳ ಕುಟುಂಬವನ್ನು ನೋಡಿ. 2006ರಲ್ಲಿ ಪ್ರಕಟವಾದ ಒಂದು ಎಣಿಕೆಯಂತೆ ಭತ್ತದಲ್ಲಿ ಇದರ 139 ಸದಸ್ಯರಿದ್ದಾರೆ. ಅದೇ ವರ್ಷ, ಆ ಎಣಿಕೆಗೆ ಸಿಗಲು ಸಾಧ್ಯವೇ ಇಲ್ಲದ ಒಬ್ಬ ಸದಸ್ಯನ ಕಥೆಯೂ ಹೊರಬಂತು. ಒಡಿಶಾದ ಹಳೆಯ ಸ್ಥಳೀಯ ಭತ್ತದಿಂದ ಆರಿಸಿದ ಎಫ್‌ಆರ್‌ 13ಎ ಎಂಬ ತಳಿಯು ಸುಮಾರು ಎರಡು ವಾರ ಪೂರ್ತಿ ನೀರಿನಲ್ಲಿ ಮುಳುಗಿದ್ದರೂ, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಇಳುವರಿ ಕಡಿಮೆಯೆಂದು ಅದನ್ನು ಬದಿಗಿಡಬಹುದಿತ್ತು. ವಿಜ್ಞಾನಿಗಳಾದ ಡೇವಿಡ್ ಮೆಕಿಲ್, ಪಮೆಲಾ ರೊನಾಲ್ಡ್ ಮತ್ತು ಅವರ ಸಂಗಡಿಗರು ಅದರ ಗುಟ್ಟನ್ನು ಬೆನ್ನಟ್ಟಿ, 9ನೆಯ ವರ್ಣತಂತುವಿನಲ್ಲಿ ಸಬ್‌1ಎ ಎಂಬ ಇಆರ್‌ಎಫ್ ಜೀನನ್ನು ಕಂಡುಕೊಂಡರು. ಮುಳುಗಿದ ಪೈರಿನಲ್ಲಿ, ಗಿಡವೇ ತಯಾರಿಸುವ ಹಾರ್ಮೋನಾದ ಎಥಿಲೀನ್ ಅನಿಲವು ಹೊರಹೋಗಲಾರದೆ ತುಂಬಿಕೊಳ್ಳುತ್ತದೆ. ಆಗ ಸಾಮಾನ್ಯ ಭತ್ತವು ಉಸಿರಿಗಾಗಿ ಎಲೆಗಳನ್ನು ಉದ್ದ ಮಾಡುತ್ತ ಹೋಗಿ, ಕೂಡಿಟ್ಟ ಸಕ್ಕರೆ, ಪಿಷ್ಟವನ್ನೆಲ್ಲ ಖರ್ಚುಮಾಡಿ ಸೋತು ಬೀಳುತ್ತದೆ. ಸಬ್‌1ಎ ಇದ್ದ ಗಿಡವಾದರೋ ಬೆಳವಣಿಗೆಯನ್ನೇ ತಡೆದು, ಇದ್ದುದನ್ನು ಉಳಿಸಿಕೊಂಡು ಕಾಯುತ್ತದೆ.

ಅದು ಎಣಿಕೆಗೆ ಸಿಗದಿರಲು ಕಾರಣವಿದೆ. ಭತ್ತದ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಎಂದು 2005ರಲ್ಲಿ ಜಗತ್ತಿನ ಮುಂದಿಟ್ಟದ್ದು ನಿಪ್ಪೊನ್‌ಬಾರೆ ಎಂಬ, ಜಪೋನಿಕಾ ಬಗೆಯ ಭತ್ತದ ಒಂದು ತಳಿಯದು, ಮತ್ತು ಆ ತಳಿಯಲ್ಲಿ ಸಬ್‌1ಎ ಇಲ್ಲವೇ ಇಲ್ಲ. ಇಲ್ಲದ್ದನ್ನು ಪಟ್ಟಿಯಲ್ಲಿ ಹುಡುಕುವುದು ಹೇಗೆ? ಅದರ ಗುರುತು ಸಿಕ್ಕಿದ್ದು ಮುಳುಗಿಯೂ ಸಾಯದ ಗಿಡದಿಂದ. ಜನಪ್ರಿಯವಾದ ಸ್ವರ್ಣ ತಳಿಗೆ ಸಂಕರಣದ ಮೂಲಕ ಈ ಜೀನನ್ನು ಸೇರಿಸಿ, 2009ರಲ್ಲಿ ಭಾರತದಲ್ಲಿ ಸ್ವರ್ಣ ಸಬ್‌1 ಎಂದು ಬಿಡುಗಡೆ ಮಾಡಲಾಯಿತು.

ಇನ್ನೂ ಸೊಗಸಾದ ಸಂಗತಿ ಮುಂದಿದೆ. ಅದೇ 2009ರಲ್ಲಿ ಜಪಾನಿನ ವಿಜ್ಞಾನಿಗಳು ಆಳನೀರಿನ ಭತ್ತದಲ್ಲಿ ಸ್ನಾರ್ಕೆಲ್ 1 ಮತ್ತು 2 ಎಂಬ ಜೀನ್‌ಗಳನ್ನು ಗುರುತಿಸಿದರು. ಅವೂ ಇಆರ್‌ಎಫ್ ಕುಟುಂಬದವೇ, ಅವನ್ನು ಎಬ್ಬಿಸುವುದೂ ಎಥಿಲೀನೇ. ಆದರೆ ಅವುಗಳ ಅಪ್ಪಣೆ ತದ್ವಿರುದ್ಧ: ಬೆಳೆ, ಇನ್ನೂ ಬೆಳೆ! ಏರುವ ನೀರಿನ ಜೊತೆಗೆ ಆ ಭತ್ತದ ಕಾಂಡವು ದಿನಕ್ಕೆ 20ರಿಂದ 25 ಸೆಂಟಿಮೀಟರ್‌ವರೆಗೂ ನೀಳವಾಗಬಲ್ಲದು. ಒಂದೇ ಮನೆತನ, ಒಂದೇ ಸಂಕೇತ. ಒಬ್ಬನು ಕುಳಿತಿರು ಎನ್ನುತ್ತಾನೆ, ಇನ್ನೊಬ್ಬನು ಎದ್ದು ನಿಲ್ಲು ಎನ್ನುತ್ತಾನೆ. ವಂಶವೃಕ್ಷವನ್ನು ಎಷ್ಟು ಚೆಂದವಾಗಿ ಬಿಡಿಸಿದರೂ ಇದನ್ನು ಅದು ಹೇಳುವುದಿಲ್ಲ.

ಗಿಡವನ್ನು ಕೇಳುವ ವಿಧಾನಗಳನ್ನು ವಿವರವಾಗಿ ಹೇಳಬೇಕೆಂದಿದ್ದೆ; ಭತ್ತವೇ ಸಮಯವನ್ನೆಲ್ಲ ತಿಂದುಬಿಟ್ಟಿತು. ಮುಖ್ಯವಾದುದು, ಜೀನನ್ನು ಕೆಡಿಸಿ ಗಿಡವು ಏನು ಕಳೆದುಕೊಂಡಿತೆಂದು ನೋಡುವುದು. ಗೋಧಿಯ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ರೊಟ್ಟಿಗೆ ಬಳಸುವ ಗೋಧಿಯಲ್ಲಿ ಮೂರು ಹುಲ್ಲುಗಳ ಜೀನೋಮ್‌ಗಳು ಕೂಡಿಕೊಂಡಿರುವುದರಿಂದ ಅನೇಕ ಜೀನ್‌ಗಳಿಗೆ ಮೂರು ಪ್ರತಿಗಳಿವೆ. ಒಂದನ್ನು ಕೆಡಿಸಿದರೆ ಉಳಿದೆರಡು ಅದರ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತವೆ. ಆದ್ದರಿಂದ ಮೂರನ್ನೂ ಒಂದೇ ಗಿಡದಲ್ಲಿ ಕೆಡಿಸಿ ನೋಡುವವರೆಗೆ, ಆ ಜೀನಿನಿಂದ ಏನೂ ಪ್ರಯೋಜನವಿಲ್ಲವೆಂದು ದಯವಿಟ್ಟು ಯಾರೂ ಬರೆಯಬೇಡಿ.

ನಮಸ್ಕಾರ.